ಮಹಾರಾಜನ ಸೀಟು, ಕಪ್ಪೆಯ ಬಾಗಿಲು

ನನ್ನ ಸೋಫಾ ಅಂಗಡಿಯ ಹಿಂದಿನ ಕೋಣೆ, ಹೊಲಿಗೆ ಮೇಜು
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಗುಂಡುಸೂಜಿ ಮಾಡುವ ನಮಸ್ಕಾರ. ಮಂಡಿ ಹೇಗಿದೆ? ಊತ ಇಳಿಯಿತಾ? ನಿದ್ದೆ ಬರುತ್ತಿದೆಯಾ? "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂಬ ನಿಮ್ಮ ಮಾಮೂಲಿ ಉತ್ತರ ಬೇಡ. ನಿಮ್ಮ ಮಗಳು ಒಂದೂ ಬಿಡದೆ ನನಗೆ ವರದಿ ಒಪ್ಪಿಸುತ್ತಾಳೆ. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು ಒತ್ತುವ ವ್ಯಾಯಾಮವನ್ನು ನೀವು ಮಾಡುತ್ತಲೇ ಇಲ್ಲವಂತೆ. ಕೇಳಿದರೆ "ನಾನ್ಯಾವ ಓಟದ ಪಂದ್ಯಕ್ಕೆ ಹೋಗಬೇಕಿತ್ತು" ಅನ್ನುತ್ತೀರಂತೆ. ಅತ್ತೆ, ಕೈ ಮುಗಿಯುತ್ತೇನೆ, ಶನಿವಾರದವರೆಗಾದರೂ ತಪ್ಪಿಸಬೇಡಿ. ಯಾಕೆ ಅನ್ನುವುದು ಕಾಗದ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಗನ ಕನ್ನಡಕದ ಅಂಗಡಿ ಎಂದಿನಂತೆ ನಡೆಯುತ್ತಿದೆ, ಊರಿಗೆಲ್ಲ ಕನ್ನಡಕ ಕೊಟ್ಟು ತಮ್ಮ ಕನ್ನಡಕವನ್ನು ದಿನಾ ಹುಡುಕುತ್ತಾರೆ. ಮೊಮ್ಮಗಳು ಚಿನಕುರುಳಿಯ ಮುಂದಿನ ಹಲ್ಲು ಬಿದ್ದಿದೆ. ಈಗ ಇನ್ನೂ ಜಾಸ್ತಿ ಮಾತಾಡುತ್ತಾಳೆ, ಮಾತಿಗೆ ಅಡ್ಡ ಬರಲು ಹಲ್ಲೇ ಇಲ್ಲವಲ್ಲ.

ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಿರುತ್ತೀರಿ. ಫೋನಿನಲ್ಲಿ ನಾನು ವಿಷಯಕ್ಕೆ ಬರುವ ಮೊದಲೇ "ಸರಿ ಇಡ್ತೀನಿ, ಹಾಲು ಉಕ್ತಾ ಇದೆ" ಎಂದು ನೀವು ಇಟ್ಟುಬಿಡುತ್ತೀರಿ. ನಿಮ್ಮ ಮಗಳನ್ನು ವಿಚಾರಿಸಿದರೆ ಒಲೆಯ ಮೇಲೆ ಹಾಲೇ ಇರುವುದಿಲ್ಲ. ಕಾಗದವನ್ನು ಮಾತ್ರ ನೀವು ಅರ್ಧಕ್ಕೆ ಬಿಡುವವರಲ್ಲ. ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ: ನೀವು ವೃದ್ಧಾಶ್ರಮದಲ್ಲಿ ಕೋಣೆ ನೋಡಿರುವುದು ನಮಗೆ ಗೊತ್ತಾಗಿದೆ. ಬರುವ ಸೋಮವಾರ ಅವರಿಗೆ ಹೂಂ ಅನ್ನುವವರಿದ್ದೀರಿ ಎನ್ನುವುದೂ ಗೊತ್ತಾಗಿದೆ. ಮಗಳ ಮೇಲೆ ಸಿಟ್ಟಾಗಬೇಡಿ, ಪಾಪ, ಅವಳು ಅಳುತ್ತಾ ಹೇಳಿದಳು. ನಿಮ್ಮ ಮಗ ಅಂಗಳಕ್ಕೆ ಹೋಗಿ, ಒಗೆದು ಹಾಕಿದ್ದ ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವಿ ಕೊಡವಿ ಹಾಕುತ್ತಿದ್ದರು. ನನಗೆ ಮಾತ್ರ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ಅತ್ತೆಯನ್ನು ನನ್ನ ಮನೆಗೆ ವಾಪಸ್ ಕರೆದುಕೊಂಡು ಬಂದೇ ತೀರುತ್ತೇನೆ ಎಂದು ಆಗಲೇ ಪಟ್ಟು ಹಿಡಿದೆ. ನಿಮಗೆ ಗೊತ್ತಲ್ಲ, ನಾನು ಪಟ್ಟು ಹಿಡಿದರೆ ನಿಮ್ಮಷ್ಟೇ ಕೆಟ್ಟವಳು.

ನೀವು ಯಾಕೆ ಬರುವುದಿಲ್ಲ ಅನ್ನುತ್ತಿದ್ದೀರಿ ಎನ್ನುವುದು ನನಗೆ ತಿಳಿಯದ್ದೇನಲ್ಲ. ನೀವು ಬಿದ್ದು ಆಸ್ಪತ್ರೆ ಸೇರಿ, ಅಲ್ಲಿಂದ ಮಗಳ ಮನೆಗೆ ಬಂದ ದಿನ ನಮ್ಮ ಹಳೇ ಪುಟ್ಟ ಕಾರು, ಆ ಡಬ್ಬ, ನಿಮ್ಮನ್ನು ಒಳಗೆ ಸೇರಿಸಿಕೊಂಡದ್ದು ಹೇಗೋ, ಹೊರಗೆ ಮಾತ್ರ ಬಿಡಲಿಲ್ಲ. ಎಡಮಂಡಿ ಮಡಿಸಲು ಬರುವುದಿಲ್ಲ, ಸೀಟು ನೆಲಕ್ಕೆ ಅಂಟಿಕೊಂಡಿದೆ. ಕೊನೆಗೆ ನಿಮ್ಮ ಮಗ ಒಂದು ಕಂಕುಳಿಗೆ, ಗೇಟಿನ ಕಾವಲುಗಾರ ಇನ್ನೊಂದು ಕಂಕುಳಿಗೆ ಕೈ ಹಾಕಿ ಎಳೆದರು. ಮೂರೂ ಮಹಡಿಯವರು ಬಾಲ್ಕನಿಯಲ್ಲಿ ನಿಂತು ನೋಡಿದರು. "ನಾನೇನು ಮೂಟೆಯಾ? ಅಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಹತ್ತಿಸಿ ಇಳಿಸಿದವಳು ನಾನು, ನನ್ನನ್ನ ಹತ್ತಿಸಿ ಇಳಿಸೋದು ಬೇಡ" ಎಂದು ನೀವು ಅಂದದ್ದು ಅಷ್ಟೇ. ಅಂದಿನಿಂದ ನೀವು ಗೇಟು ದಾಟಿಲ್ಲ. ಶಾಲೆಯ ವ್ಯಾನು ಓಡಿಸುತ್ತಾ ಬದುಕಿದವರು, ಮಳೆಗೂ ಸ್ಟ್ರೈಕಿಗೂ ಸೊಪ್ಪು ಹಾಕದವರು, ಈಗ ಕಿಟಕಿಯ ಪರದೆ ಸರಿಸಿ ರಸ್ತೆ ನೋಡುತ್ತಾ ಕೂತಿದ್ದೀರಿ.

ಇನ್ನು ಸುದ್ದಿಗೆ ಬರುತ್ತೇನೆ. ಡಬ್ಬವನ್ನು ಕೊಟ್ಟುಬಿಟ್ಟೆವು. ಹಣದ ಯೋಚನೆ ನಿಮಗೆ ಬೇಡ, ಅದನ್ನು ನಾವಿಬ್ಬರೂ ನೋಡಿಕೊಂಡಿದ್ದೇವೆ. ಈಗ ಎಲ್ಲ ಕಡೆ ಕಾಣುವ ಎತ್ತರದ ಗಾಡಿಗಳಿವೆಯಲ್ಲ, ಕಾರೂ ಅಲ್ಲ ಜೀಪೂ ಅಲ್ಲ, ಇಬ್ಬರಿಗೂ ನೆಂಟ, ಕ್ರಾಸೋವರ್ ಅನ್ನುತ್ತಾರೆ. ಅಂಥವು ಎರಡು ನಮ್ಮ ಕೈಗೆಟುಕುವಂತಿದ್ದವು. ಒಂದು ಬೆಳ್ಳಗೆ, ದೊಡ್ಡ ಮೂತಿ, ನಿಂತಲ್ಲೇ ಗತ್ತು. ನಿಮ್ಮ ಮಗ ನೋಡಿದ ಕೂಡಲೇ "ಮಹಾರಾಜ ಕಣೇ ಇದು" ಅಂದರು. ಇನ್ನೊಂದು ಹಸಿರು, ಮೋಟು, ಎರಡು ಉಬ್ಬುಗಣ್ಣು. ಚಿನಕುರುಳಿ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಳು. ನೀವೂ ಮಹಾರಾಜ, ಕಪ್ಪೆ ಎಂದೇ ಓದಿಕೊಳ್ಳಿ, ಕಂಪನಿಯವರು ಇಟ್ಟ ಹೆಸರುಗಳನ್ನು ಹೇಳಲು ನನ್ನ ನಾಲಿಗೆ ತಿರುಗುವುದಿಲ್ಲ. ಎರಡೂ ಒಂದೇ ಶೋರೂಮಿನಲ್ಲಿ ಅಕ್ಕಪಕ್ಕ ನಿಂತಿದ್ದವು, ಗಾಜಿನ ಗೋಡೆ, ಹೊಳೆಯುವ ನೆಲ, ನನ್ನ ಚಪ್ಪಲಿಗೆ ಅಂಟಿದ್ದ ದಾರದ ತುಂಡುಗಳು ಆ ನೆಲದ ಮೇಲೆ ಎದ್ದು ಕಾಣುತ್ತಿದ್ದವು.

ಮೊದಲ ಸಲ ಹೋದಾಗ ನಾನು ಸೋಫಾ ಹೊಲಿಯುವವಳ ಹಾಗೆಯೇ ನಡೆದುಕೊಂಡೆ. ಬಾಗಿಲು ತೆಗೆದವಳೇ ಸೀಟಿನ ಮೇಲೆ ಹೆಬ್ಬೆರಳು ಒತ್ತಿದೆ. ಮಹಾರಾಜನ ಸ್ಪಂಜು ಎಂಥ ಸ್ಪಂಜು ಅಂತೀರಿ! ಒತ್ತಿದಲ್ಲಿ ಮೆತ್ತಗೆ ಕುಸಿದು, ಬೆರಳು ತೆಗೆದರೆ ನಿಧಾನವಾಗಿ ಮೇಲೆದ್ದು ಬಂತು. ಹಿಂದಿನ ಸೀಟಿನಲ್ಲಿ ನಾವು ಮೂವರೂ ಭುಜಕ್ಕೆ ಭುಜ ತಾಗದೆ ಕೂತೆವು. ಮುಂದಿನ ಸೀಟಿಗೂ ನನ್ನ ಮಂಡಿಗೂ ನಡುವೆ ಒಂದು ಗೇಣು ಜಾಗ. ನಿಮ್ಮ ಮಗನ ಒಂಟೆ ಎತ್ತರ ಗೊತ್ತಲ್ಲ, ಅವರ ತಲೆಗೂ ಚಾವಣಿಗೂ ನಡುವೆ ಮುಷ್ಟಿ ತೂರುತ್ತಿತ್ತು. ತೊಡೆಗೆ ಮಂಡಿಯ ಸಂದಿಯವರೆಗೆ ಆಸರೆ, ಬೆನ್ನಿಗೆ ಒರಗು, ಜೋಡಿ ಹೊಲಿಗೆ. ಕಪ್ಪೆಯಲ್ಲಿ ಕೂತರೆ ಬಸ್‌ಸ್ಟ್ಯಾಂಡಿನ ಬೆಂಚು. ಸ್ಪಂಜು ತೆಳು, ಗಟ್ಟಿ, ತೊಡೆ ಅರ್ಧ ಹೊರಗೆ ತೂಗಾಡುತ್ತದೆ, ಹೊಲಿಗೆಯೂ ಒಂಟಿ. ಚಾವಣಿ ನಿಮ್ಮ ಮಗನ ಕೂದಲು ಬಾಚಿತು. ಹಿಂದೆ ಮೂವರು ಕೂತರೆ ನಡುವಿನವಳು, ಅಂದರೆ ಚಿನಕುರುಳಿ, ಹಿಂಡಿದ ಬಟ್ಟೆಯಂತಾದಳು. ನಾನು ಮೂಗು ಮುರಿದು, "ಇದನ್ನ ಹೊಲಿದವರಿಗೆ ಕೈಯಲ್ಲ, ಕಾಲಿದ್ದಿರಬೇಕು" ಅಂದೆ. ಮಹಾರಾಜನೇ ಆಗಲಿ ಎಂದು ತೀರ್ಪು ಕೊಟ್ಟೆ. ನಿಮ್ಮ ಮಗನಂತೂ ಹಿರಿಹಿರಿ ಹಿಗ್ಗಿದರು. ನಾಳೆ ಬಂದು ಮಾತು ಮುಗಿಸುತ್ತೇವೆ ಎಂದು ಶೋರೂಮಿನವರಿಗೆ ಹೇಳಿ ಮನೆಗೆ ಬಂದೆವು.

ಅವತ್ತೇ ಸಂಜೆ, ನೀವು ಬರುವಷ್ಟರಲ್ಲಿ ಹೊಸದಾಗಿರಲಿ ಎಂದು ನಮ್ಮ ಮನೆಯ ಕಿಟಕಿಯ ಬಳಿಯ ನಿಮ್ಮ ಕುರ್ಚಿಯನ್ನು ಮೇಜಿನ ಮೇಲೆತ್ತಿ, ಹಳೇ ಬಟ್ಟೆ ಬಿಚ್ಚಲು ಕತ್ತರಿ ತೆಗೆದುಕೊಂಡೆ. ಕುರ್ಚಿಗೆ ಬಟ್ಟೆ ಹಾಕುವವರು ಮೊದಲು ಎಲ್ಲಿ ಸವೆದಿದೆ ನೋಡುತ್ತಾರೆ, ಕೂರುವವರ ಸ್ವಭಾವ ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಕುರ್ಚಿಯ ಸೀಟು ಏನೂ ಆಗಿರಲಿಲ್ಲ, ಬಣ್ಣವೂ ಮಾಸಿರಲಿಲ್ಲ. ಸವೆದಿದ್ದದ್ದು ಎರಡು ಕೈಗಳ ತುದಿ. ಅಲ್ಲಿ ಬಟ್ಟೆ ಹರಿದು, ಒಳಗಿನ ಮರ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು. ಬೀಳುವ ಮೊದಲಿನಿಂದಲೂ ನೀವು ಎಷ್ಟು ದಿನ ಆ ಮರ ಹಿಡಿದು, ಹಲ್ಲು ಕಚ್ಚಿ, ನಮ್ಮ ಯಾರನ್ನೂ ಕರೆಯದೆ ಎದ್ದಿದ್ದೀರೋ! ಕತ್ತರಿ ಕೆಳಗಿಟ್ಟು ಅಲ್ಲೇ ಕೂತೆ. ನಿಮಗೆ ಕಷ್ಟ ಇರುವುದು ಕೂತಿರುವುದರಲ್ಲಲ್ಲ, ಕೂರುವುದರಲ್ಲಿ ಮತ್ತು ಏಳುವುದರಲ್ಲಿ. ನಾನು ಬೆಪ್ಪಿಯ ಹಾಗೆ ಇಡೀ ದಿನ ಸ್ಪಂಜು ಒತ್ತಿ ನೋಡಿದ್ದೆ, ಬಾಗಿಲನ್ನು ನೋಡಿಯೇ ಇರಲಿಲ್ಲ. ಸೋಫಾಕ್ಕೆ ಬಾಗಿಲು ಇರುವುದಿಲ್ಲವಲ್ಲ, ಅದಕ್ಕೇ ಹೊಳೆಯಲಿಲ್ಲ.

ಮರುದಿನ ಅಂಗಡಿಯ ಮರದ ಅಳತೆಪಟ್ಟಿಯನ್ನು ಎಡಗಾಲಿಗೆ, ತೊಡೆಯಿಂದ ಮೀನಖಂಡದವರೆಗೆ, ಪಟ್ಟಿ ಬಟ್ಟೆ ಸುತ್ತಿ ಬಿಗಿದುಕೊಂಡೆ. ಮೇಲೆ ದೊಗಲೆ ಪ್ಯಾಂಟು. ನಿಮ್ಮ ಮಂಡಿ ಈಗ ಎಷ್ಟು ಮಡಿಸಲು ಬರುತ್ತದೆ ಎಂದು ನಿಮ್ಮ ಮಗಳನ್ನು ಕೇಳಿ, ಅಷ್ಟೇ ಸಡಿಲ ಬಿಟ್ಟಿದ್ದೆ. ಹಾಗೇ ಕುಂಟುತ್ತಾ ಶೋರೂಮಿಗೆ ನುಗ್ಗಿದೆ. ನಿನ್ನೆ ಚಂಗನೆ ನೆಗೆದು ಹೋದವಳು ಇವತ್ತು ಹೀಗೆ ಬಂದದ್ದು ನೋಡಿ ಅಲ್ಲಿಯ ಮಾರಾಟಗಾರರ ಬಾಯಿ ಒಣಗಿತು. "ಮೇಡಂ, ಏನಾಯ್ತು? ನಿನ್ನೆ ನಮ್ಮ ನೆಲದ ಮೇಲೆ ಜಾರಿದ್ರಾ?" ಎಂದು ಕುರ್ಚಿ ಹಿಡಿದುಕೊಂಡು ಓಡಿ ಬಂದರು. ಪ್ಯಾಂಟಿನ ಮೇಲೆ ಕುಟ್ಟಿ, ಟಕ್ ಟಕ್ ಎಂದು ಮರದ ಸದ್ದು ಮಾಡಿ ತೋರಿಸಿದ ಮೇಲೆ ಅವರಿಗೆ ಇನ್ನೂ ಗಾಬರಿಯಾಯಿತು. ನಿಮ್ಮ ಮಗ ಅಷ್ಟು ದೂರದಲ್ಲಿ ನಿಂತು, ನನ್ನ ಪರಿಚಯವೇ ಇಲ್ಲದವರಂತೆ ಗೋಡೆಯ ಪೋಸ್ಟರ್ ಓದುತ್ತಿದ್ದರು.

ಮಹಾರಾಜನ ಬಾಗಿಲಿಗೆ ಬೆನ್ನು ಮಾಡಿ ನಿಂತೆ, ನಿಮ್ಮ ವ್ಯಾಯಾಮದ ಮೇಡಂ ಹೇಳಿಕೊಟ್ಟ ಹಾಗೆ, ಮೊದಲು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತರಬೇಕು ಎಂದು. ಸೀಟು ಸೊಂಟಕ್ಕಿಂತ ಎತ್ತರ, ತುದಿಗಾಲಲ್ಲಿ ಏರಬೇಕು. ಬಾಗಿಲ ಕೆಳಗಿನ ಅಂಚು, ಗಾಡಿಯ ಹೊಸ್ತಿಲು ಅನ್ನೋಣ, ಮೊಳದಷ್ಟು ಅಗಲ. ಹೇಗೋ ಅಂಚಿನ ಮೇಲೆ ಕೂತೆ. ನಾನು ಹಾಡಿ ಹೊಗಳಿದ್ದ ಸ್ಪಂಜು ಕುಸಿಯಿತು, ನಾನು ಹಿಂದಕ್ಕೆ ಉರುಳಿದೆ, ಗಟ್ಟಿ ಕಾಲು ಮೇಲೆದ್ದು ಬಾಗಿಲ ಕಂಬಕ್ಕೆ ಸಿಕ್ಕಿಕೊಂಡಿತು. ಅಂಗಾತ ಬಿದ್ದ ಜಿರಳೆ ನೋಡಿದ್ದೀರಲ್ಲ, ಥೇಟ್ ಹಾಗೇ. ಶೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ನಿಮ್ಮ ಮಗ ಓಡಿ ಬಂದು, "ತಡಿ, ತಡಿ, ನಾನು ಎತ್ತುತ್ತೀನಿ" ಎಂದು ನನ್ನ ಕಂಕುಳಿಗೆ ಕೈ ಹಾಕಿದರು. ಅತ್ತೆ, ಆ ಕ್ಷಣಕ್ಕೆ ನನ್ನ ಕಿವಿಯವರೆಗೂ ಬಿಸಿಯಾಯಿತು. ಪ್ರೀತಿಯಿಂದಲೇ ಎತ್ತುತ್ತಿದ್ದಾರೆ, ಕೈ ಒರಟಲ್ಲ, ಆದರೂ ಅವರನ್ನು ದೂಡಿಬಿಡಬೇಕು ಅನ್ನಿಸಿತು. ನನ್ನ ಕಾಲು ಆಟದ ಕುಂಟು, ಪಟ್ಟಿ ಬಿಚ್ಚಿದರೆ ಮುಗಿಯಿತು. ಹಾಗಿದ್ದೂ ಕಣ್ಣಲ್ಲಿ ನೀರು ಬಂತು. ನಿಮ್ಮ ಮಗ ನನ್ನ ಮುಖ ನೋಡಿದವರು ಕೈ ತೆಗೆದರು, ಅವರಿಗೂ ಆ ಗೇಟು ನೆನಪಾಗಿರಬೇಕು. "ಅಮ್ಮನಿಗೂ ಹೀಗೇ ಆಗಿರುತ್ತೆ ಅಲ್ವಾ" ಎಂದು ಮೆಲ್ಲಗೆ ಕೇಳಿದರು. ಹೂಂ ಅಂದೆ.

ಆಮೇಲೆ ಕಪ್ಪೆ. ಬಾಗಿಲು ತೆಗೆದರೆ ತೆರೆದುಕೊಳ್ಳುತ್ತಲೇ ಹೋಯಿತು, ನಮ್ಮ ಅಡುಗೆಮನೆಯ ಬಾಗಿಲಿನಷ್ಟು. ಹೊಸ್ತಿಲು ತೆಳು. ಬೆನ್ನು ಮಾಡಿ ನಿಂತರೆ ಸೀಟು ಸರಿಯಾಗಿ ಕೂರುವಲ್ಲಿಗೇ ಬಂದು ತಾಗುತ್ತದೆ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಾನು ಬೈದಿದ್ದ ಆ ಬೆಂಚಿನಂಥ ಸೀಟು ಕುಸಿಯಲೇ ಇಲ್ಲ, ಅದರ ಮೇಲೆ ಕೂತಲ್ಲೇ ಜಾರಿ ತಿರುಗಬಹುದು. ಗಟ್ಟಿ ಕಾಲು ಎಲ್ಲೂ ತಾಗದೆ ಒಳಗೆ ಬಂತು. ಏಳುವಾಗ ಹಿಡಿಯಲು ಬಾಗಿಲ ಕಂಬದ ಮೇಲೆ ಒಂದು ಹಿಡಿ ಇದೆ, ನಿಮ್ಮ ಕುರ್ಚಿಯ ಕೈಯಂತೆಯೇ. ಎದ್ದೆ. ಕೂತೆ. ಮತ್ತೆ ಎದ್ದೆ. ಯಾರ ಕೈಯೂ ಬೇಕಾಗಲಿಲ್ಲ. ಮುಂದಿನ ಬಾಗಿಲು, ಹಿಂದಿನ ಬಾಗಿಲು, ಆ ಕಡೆ, ಈ ಕಡೆ, ಒಂದನ್ನೂ ಬಿಡಲಿಲ್ಲ. ಮಾರಾಟಗಾರರು ಒಳ್ಳೆಯ ಮನುಷ್ಯ, ಕೊನೆಗೆ ಅವರೇ ಕೋಟು ಬಿಚ್ಚಿಟ್ಟು, "ಮೇಡಂ, ಆ ಪಟ್ಟಿ ನಂಗೂ ಒಂದ್ಸಲ ಕಟ್ಟಿ. ನಮ್ಮಪ್ಪನಿಗೆ ಸೊಂಟದ ಆಪರೇಷನ್ ಆಗಿದೆ" ಅಂದರು. ಅವರಿಗೂ ಕಟ್ಟಿದೆ. ಅವರೂ ಮಹಾರಾಜನೊಳಗೆ ಅಂಗಾತ ಬಿದ್ದರು, ಆಗ ನಿಮ್ಮ ಮಗ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವುದು ಮುಗಿದ ಮೇಲೆ ನಿಮ್ಮ ಮಗ ಮುಖ ಸಪ್ಪೆ ಮಾಡಿಕೊಂಡು, "ಅಲ್ಲ, ಸೀಟು? ಅಷ್ಟು ದೂರದ ದಾರಿ ಆ ಹಲಗೆ ಮೇಲೆ ಹೆಂಗೆ ಕೂರೋದು? ನನ್ನ ತಲೆ ಬೇರೆ ತಾಗುತ್ತೆ" ಎಂದು ರಾಗ ಎಳೆದರು. ಸೀಟು ಕೆಟ್ಟದಾಗಿದ್ದರೆ ನಾನು ಬಿಚ್ಚಿ ಹೊಲಿಯಬಲ್ಲೆ, ಬಾಗಿಲನ್ನು ಬಿಚ್ಚಿ ಹೊಲಿಯಲು ಬರುತ್ತದಾ ಎಂದು ಕೇಳಿದೆ. ತಲೆಯ ವಿಷಯಕ್ಕೆ, "ಬಗ್ಗಿಸಿ ಕೂತ್ಕೊಳ್ಳಿ ರೀ, ಹೆಂಡತಿ ಎದುರು ಬಗ್ಗಿಸಲ್ವಾ" ಅಂದೆ. ಕಪ್ಪೆಯನ್ನು ಮನೆಗೆ ತಂದೆವು. ತಂದ ಮರುದಿನವೇ ನಾನು ಹೊಚ್ಚ ಹೊಸ ಗಾಡಿಯ ಸೀಟನ್ನು ಬಿಚ್ಚಿ ಹಾಕಿದಾಗ ಅವರು ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆದರಬೇಡಿ, ಅಪಘಾತವಾದರೆ ಉಬ್ಬುವ ಗಾಳಿಚೀಲ ಬೆನ್ನಿನ ಕಡೆ ಇರುತ್ತದೆ, ಅದರ ತಂಟೆಗೆ ಹೋಗಿಲ್ಲ. ಕೂರುವ ಭಾಗ ಮಾತ್ರ. ಅಂಚಿನ ಗಟ್ಟಿತನ ಹಾಗೇ ಉಳಿಸಿ, ನಡುವೆ ನನ್ನ ಹತ್ತಿರವಿದ್ದ ಅತಿ ಒಳ್ಳೆಯ ಸ್ಪಂಜು ಕೂರಿಸಿದೆ. ಬಲತೊಡೆಯ ಕೆಳಗೆ ನಾಲ್ಕು ಬೆರಳು ಉದ್ದ ಕೊಟ್ಟೆ. ಎಡಗಡೆ ಮುಂದಿನ ಅಂಚನ್ನು ಸ್ವಲ್ಪ ಇಳಿಸಿದೆ, ಕಾಲು ಚಾಚಿಟ್ಟರೆ ಒತ್ತಬಾರದು ಎಂದು. ಜೋಡಿ ಹೊಲಿಗೆ, ಬೇಕಾದರೆ ಆನೆ ಕೂರಲಿ. ಒಂದೇ ಸೀಟು ಮಾಡಿರುವುದು, ಉಳಿದವರು ಹಲಗೆಯ ಮೇಲೆಯೇ ಕೂರಲಿ.

ಆ ವೃದ್ಧಾಶ್ರಮವನ್ನೂ ನಾನು ನೋಡಿಕೊಂಡು ಬಂದೆ, ನಿಮಗೆ ಹೇಳಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿದೆ. ಗೋಡೆಗೆಲ್ಲ ಹಿಡಿಗಳಿವೆ, ನೋಡಿಕೊಳ್ಳುವ ಹೆಂಗಸರು ನಗುನಗುತ್ತಾ ಮಾತಾಡಿಸಿದರು. ನೀವು ನೋಡಿದ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತು ನೋಡಿದೆ. ಕಿಟಕಿಯಿಂದ ತೋಟ ಕಾಣುತ್ತದೆ, ಗೋಡೆ ಕಾಣುತ್ತದೆ, ರಸ್ತೆ ಮಾತ್ರ ಕಾಣುವುದಿಲ್ಲ. ಹಾರ್ನಿನ ಸದ್ದೂ ಬರುವುದಿಲ್ಲ. ಬೇರೆಯವರಿಗೆ ಅದು ನೆಮ್ಮದಿ ಇರಬಹುದು. ನಿಮಗೆ ಅಲ್ಲಿ ಉಸಿರು ಕಟ್ಟುತ್ತದೆ. ಯಾರಿಗೂ ಹೊರೆಯಾಗಬಾರದು ಎಂದು ನೀವು ಅಲ್ಲಿಗೆ ಹೊರಟಿದ್ದೀರಿ, ಇಷ್ಟಪಟ್ಟು ಅಲ್ಲ. ಇಷ್ಟಪಟ್ಟು ಹೊರಟಿದ್ದರೆ ನಾನೇ ನಿಮ್ಮ ಪೆಟ್ಟಿಗೆ ಕಟ್ಟಿಕೊಡುತ್ತಿದ್ದೆ. ನೀವಿಲ್ಲದೆ ನಮಗೇನು ಹಗುರ ಎನಿಸುತ್ತಿದೆ ಅಂದುಕೊಂಡಿರಾ? ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದರೆ ನನ್ನನ್ನು ಬೈಯಲು ಒಂದು ಜೀವವಿಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮನೆಯೊಳಗೆ ಬಂದುಬಿಡುತ್ತೇನೆ, "ಉಗೀ ಅದನ್ನ, ನುಂಗಿ ಸಾಯ್ತೀಯ" ಅನ್ನುವವರಿಲ್ಲ. ನೀವು ಬೇಕು ಅತ್ತೆ, ನನಗೆ ನೀವು ಬೇಕು, ಅಷ್ಟೇ.

ಆದ್ದರಿಂದ ಶನಿವಾರ ಬೆಳಿಗ್ಗೆ ನಾವು ಮೂವರೂ ಬರುತ್ತೇವೆ. ಮಂಡಿಯ ಡಾಕ್ಟರರಿಗೆ ತೋರಿಸುವ ದಿನವೂ ಅದೇ. ನಿಮ್ಮ ಹತ್ತಿರ ಯಾರೂ ಕೈ ಚಾಚಬಾರದು ಎಂದು ನಿಮ್ಮ ಮಗನಿಗೆ ತಾಕೀತು ಮಾಡಿದ್ದೇನೆ. ಕೈ ಕಿಸೆಯಲ್ಲಿಟ್ಟುಕೊಂಡು ನಿಲ್ಲುವುದನ್ನು ಅವರು ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದಾರೆ. ಕಾವಲುಗಾರರಿಗೂ ಹೇಳಿಡಲು ನಿಮ್ಮ ಮಗಳಿಗೆ ತಿಳಿಸಿದ್ದೇನೆ. ಬಾಲ್ಕನಿಯವರು ನೋಡಲಿ, ಬೇಕಾದರೆ ಕುರ್ಚಿ ಹಾಕಿಕೊಂಡು ನೋಡಲಿ. ನೀವೇ ಬಾಗಿಲು ತೆಗೆದು, ನೀವೇ ಕೂತು, ನೀವೇ ಕಾಲು ಎಳೆದುಕೊಳ್ಳುತ್ತೀರಿ. ಆಗಲಿಲ್ಲ ಅನ್ನಿಸಿದರೆ, ಆ ಕೋಣೆಯೇ ಬೇಕು ಅನ್ನಿಸಿದರೆ, ಸೋಮವಾರ ಹೂಂ ಅನ್ನಿ, ನಾನು ಅಡ್ಡ ಬರುವುದಿಲ್ಲ. ಆದರೆ ಕೂತು ನೋಡದೆ ಹೂಂ ಅಂದಿರೋ, ನಾನು ಆ ಗೇಟಿನ ಮುಂದೆ ಹೊಲಿಗೆ ಮೆಷಿನ್ ಹಾಕಿಕೊಂಡು ಕೂರುತ್ತೇನೆ. ನಾನು ಹೇಳಿದ್ದನ್ನು ಮಾಡುವವಳು ಎಂದು ನಿಮಗೆ ಗೊತ್ತು.

ನಾದಿನಿಗೆ ನನ್ನ ಪ್ರೀತಿ ತಿಳಿಸಿ, ಅವಳನ್ನು ಬೈಯಬೇಡಿ. ಚಿನಕುರುಳಿ ಬಿದ್ದ ಹಲ್ಲನ್ನು ನಿಮಗೆ ತೋರಿಸಲೆಂದೇ ಡಬ್ಬಿಯಲ್ಲಿಟ್ಟಿದ್ದಾಳೆ. ಟವೆಲ್ ತಲೆದಿಂಬಿನ ಕೆಳಗಿನಿಂದ ತೆಗೆಯಿರಿ.

ನಿಮ್ಮ ಬೈಗುಳಕ್ಕಾಗಿ ಕಾಯುತ್ತಿರುವ ಸೊಸೆ,
ಗುಂಡುಸೂಜಿ

ಮರೆತ ಮಾತು: ಅಂಚೆಗೆ ಹಾಕುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ. ನಾನು ಬಿಚ್ಚಿ ಹೊಲಿದದ್ದು ಹಿಂದಿನ ಸೀಟಲ್ಲ, ಪಕ್ಕದ ಸೀಟೂ ಅಲ್ಲ. ಡ್ರೈವರ್ ಸೀಟು. ಕಪ್ಪೆಗೆ ಕ್ಲಚ್ಚೇ ಇಲ್ಲ ಅತ್ತೆ, ಗೇರು ತಾನೇ ಬದಲಾಗುತ್ತದೆ, ನಿಮ್ಮ ಎಡಗಾಲಿಗೆ ಅದರಲ್ಲಿ ಕೆಲಸವೇ ಇಲ್ಲ, ಚಾಚಿ ಇಟ್ಟುಕೊಂಡರೆ ಸಾಕು. ಡಾಕ್ಟರರಿಗೆ ಫೋನು ಮಾಡಿ ಕೇಳಿದ್ದೇನೆ: "ಎಡಗಾಲು ತಾನೇ? ಕ್ಲಚ್ಚಿಲ್ಲದ ಗಾಡಿ ತಾನೇ? ಶನಿವಾರ ಮಂಡಿ ನೋಡ್ತೀನಿ, ವ್ಯಾಯಾಮ ಸರಿಯಾಗಿ ಮಾಡಿದ್ರೆ ನನ್ನ ತಕರಾರಿಲ್ಲ" ಅಂದಿದ್ದಾರೆ. ಟವೆಲ್ ಯಾಕೆ ಅಂತ ಈಗ ಗೊತ್ತಾಯಿತಲ್ಲ? ನಿಮ್ಮ ಲೈಸೆನ್ಸು ನನ್ನ ಕೈಚೀಲದಲ್ಲಿದೆ. ದೂರದ ಕನ್ನಡಕ ಮರೆಯದೆ ಹಾಕಿಕೊಳ್ಳಿ. ಹೊಸ ಸೀಟಿನಲ್ಲಿ ನಾವ್ಯಾರೂ ಕೂತು ಗಾಡಿ ಓಡಿಸಿಲ್ಲ, ಬರುವಾಗ ಮಾತ್ರ ನಾನು ಓಡಿಸಿಕೊಂಡು ಬರುತ್ತೇನೆ, ಅಷ್ಟಕ್ಕೆ ಕ್ಷಮಿಸಿ. ಹೋಗುವಾಗ ನಿಮ್ಮ ಮಗ ಹಿಂದೆ ತಲೆ ಬಗ್ಗಿಸಿ ಕೂರುತ್ತಾರೆ, ಚಿನಕುರುಳಿ ಅವರ ಪಕ್ಕ, ನಾನು ಮುಂದೆ ನಿಮ್ಮ ಪಕ್ಕ. ನಾವು ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತಿಲ್ಲ ಅತ್ತೆ. ನೀವು ನಮ್ಮನ್ನು ಮನೆಗೆ ಕರೆದುಕೊಂಡು ಹೋಗಬೇಕು.